ಹನಿ ಉರುಳಿದ್ದು ನೋಡಿ ಮಳೆ ಜಾಕೆಟ್ ಕೊಳ್ಳಬೇಡಿ

ಇವತ್ತು ಸಂಜೆ ಒಂದು ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು. ಮೊದಲ ಸಲ ಬೆಟ್ಟ ಹತ್ತಲು ಹೊರಟಿದ್ದಾನೆ ಅಂತ ಮಾತಿನಲ್ಲೇ ಗೊತ್ತಾಗುತ್ತಿತ್ತು. ಮಳೆಗೆ ಒಂದು ಜಾಕೆಟ್ ಬೇಕು, ಜಾಸ್ತಿ ದುಡ್ಡಿಲ್ಲ ಅಂತ ಮೊದಲೇ ಹೇಳಿದ. ಮಾರುವವರು ಒಂದು ಜಾಕೆಟ್ ಬಿಡಿಸಿ ಮೇಜಿನ ಮೇಲೆ ಹಾಸಿದರು. ಪಕ್ಕದಲ್ಲಿದ್ದ ಬಾಟಲಿ ತೆಗೆದು ತೋಳಿನ ಮೇಲೆ ಒಂದಿಷ್ಟು ನೀರು ಸುರಿದರು. ತಾವರೆ ಎಲೆಯ ಮೇಲೆ ಬಿದ್ದ ಹಾಗೆ ನೀರು ಮುತ್ತುಮುತ್ತಾಗಿ ಉರುಳಿ ಕೆಳಗೆ ಬಿತ್ತು. ಬಟ್ಟೆ ಒದ್ದೆಯೇ ಆಗಲಿಲ್ಲ. 'ನೋಡಿ, ಪೂರ್ತಿ ವಾಟರ್‌ಪ್ರೂಫ್' ಅಂದರು. ಹುಡುಗನ ಮುಖ ಅರಳಿತು.

ನನಗೆ ತಡೆಯಲು ಆಗಲಿಲ್ಲ. ಒಳಮೈ ತಿರುಗಿಸಿ ತೋರಿಸ್ತೀರಾ ಅಂತ ಕೇಳಿದೆ. ತಿರುಗಿಸಿದರು. ಭುಜದ ಮೇಲೆ ಉದ್ದಕ್ಕೂ ಬರೀ ದಾರದ ಹೊಲಿಗೆ. ಅದರ ಮೇಲೆ ಟೇಪ್ ಇಲ್ಲ, ಏನೂ ಇಲ್ಲ. ದೀಪಕ್ಕೆ ಹಿಡಿದರೆ ಸೂಜಿಯ ತೂತು ಒಂದೊಂದೂ ಎಣಿಸಬಹುದಿತ್ತು. ಇದು ಸೋರುತ್ತದೆ ಕಣಪ್ಪ ಅಂತ ಹುಡುಗನಿಗೆ ಹೇಳಿದೆ. ಅವನು ನನ್ನನ್ನು ನೋಡಿದ, ತೋಳಿನ ಮೇಲೆ ಇನ್ನೂ ಉಳಿದಿದ್ದ ಎರಡು ಹನಿಗಳನ್ನು ನೋಡಿದ. ದುಡ್ಡು ಕೊಟ್ಟು ತಗೊಂಡು ಹೋದ.

ಮನೆಗೆ ಬಂದು ಎರಡು ಗಂಟೆ ಆಯಿತು. ಇನ್ನೂ ಸಿಟ್ಟು ಇಳಿದಿಲ್ಲ.

ಆ ಹನಿ ಉರುಳುವುದು ಯಾಕೆ ಅಂತ ಒಂದು ಸಲ ಸರಿಯಾಗಿ ಹೇಳಿಬಿಡುತ್ತೇನೆ. ಜಾಕೆಟ್‌ನ ಹೊರಬಟ್ಟೆಗೆ ಒಂದು ತೆಳುವಾದ ಲೇಪ ಕೊಟ್ಟಿರುತ್ತಾರೆ. ಡಿಡಬ್ಲ್ಯೂಆರ್ ಅಂತಾರೆ. ನೀರು ಬಟ್ಟೆಗೆ ಅಂಟಿಕೊಳ್ಳದೆ ಜಾರಿ ಹೋಗಲಿ ಅಂತ ಅದು. ಅಷ್ಟೇ ಅದರ ಕೆಲಸ. ನೀರನ್ನು ನಿಜವಾಗಿ ತಡೆಯುವುದು ಬಟ್ಟೆಯ ಒಳಮೈಗೆ ಬಳಿದ ಪಾಲಿಯುರಿಥೇನ್ ಅನ್ನುವ ಪ್ಲಾಸ್ಟಿಕ್ ಪದರ, ಇಲ್ಲವೇ ಅಂಟಿಸಿದ ತೆಳು ಪೊರೆ. ಹೊರಗಿನ ಲೇಪವನ್ನು ಒಂದು ಸಾಮಾನ್ಯ ಗಾಳಿ ಜಾಕೆಟ್‌ಗೂ ಕೊಡಬಹುದು. ಅದರ ಮೇಲೂ ಹನಿ ಹೀಗೇ ಉರುಳುತ್ತದೆ. ಅರ್ಧ ಗಂಟೆ ಜೋರು ಮಳೆಯಲ್ಲಿ ನಿಂತರೆ ಒಳಗಿನ ಅಂಗಿ ಹಿಂಡಿದರೆ ನೀರು ಬರುತ್ತದೆ. ಹೊಸದಾಗಿದ್ದಾಗ ಹೆಚ್ಚುಕಮ್ಮಿ ಎಲ್ಲ ಮಳೆ ಜಾಕೆಟ್ ಮೇಲೂ ಹನಿ ಉರುಳುತ್ತದೆ. ಹಾಗಿರುವಾಗ ಬಾಟಲಿ ನೀರು ಸುರಿದು ತೋರಿಸುವುದು ಯಾವ ಪರೀಕ್ಷೆ?

ಇನ್ನು ಆ ಹೊಲಿಗೆ. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಹೊಲಿಯುವಾಗ ಸೂಜಿ ಅದಕ್ಕೆ ಸಾವಿರಾರು ತೂತು ಮಾಡುತ್ತದೆ. ಇದು ಹೊಸ ವಿಷಯವೇ ಅಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಅಂಟಿಸಿ ಮಳೆಬಟ್ಟೆ ಮಾಡಿ ಪೇಟೆಂಟ್ ಪಡೆದದ್ದು 1823ರಲ್ಲಿ. ಬಟ್ಟೆಯಲ್ಲಿ ನೀರು ಇಳಿಯುತ್ತಿರಲಿಲ್ಲ. ದರ್ಜಿಗಳು ಅದನ್ನು ಕೋಟಾಗಿ ಹೊಲಿದಾಗ ಸೂಜಿ ತೂತಿನಲ್ಲಿ ಸೋರತೊಡಗಿತು. 200 ವರ್ಷ ಆಯಿತು. ಇವತ್ತಿಗೂ ಹೊಲಿಗೆಯ ತೂತು ಮುಚ್ಚದ ಜಾಕೆಟ್ ಅನ್ನು ಪೂರ್ತಿ ವಾಟರ್‌ಪ್ರೂಫ್ ಅಂತ ಮಾರುತ್ತಿದ್ದಾರಲ್ಲ, ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಈಗ ಇದಕ್ಕೆ ಪರಿಹಾರ ಇದೆ. ಒಳಗಡೆ ಹೊಲಿಗೆಯ ಮೇಲೆ ಬಿಸಿ ಮಾಡಿ ಒಂದು ಪಟ್ಟಿ ಅಂಟಿಸುತ್ತಾರೆ. ಹೆಬ್ಬೆರಳಿನ ಅಗಲ ಇರುತ್ತದೆ, ಸ್ವಲ್ಪ ಹೊಳೆಯುತ್ತದೆ. ಎಲ್ಲ ಹೊಲಿಗೆಗೂ ಅಂಟಿಸಿದ್ದರೆ 'ಫುಲ್ಲಿ ಟೇಪ್ಡ್' ಅಂತ ಬರೆದಿರುತ್ತಾರೆ. ಭುಜಕ್ಕೆ, ತಲೆಗೆ ಮಾತ್ರ ಅಂಟಿಸಿ ಉಳಿದದ್ದು ಬಿಟ್ಟಿದ್ದರೆ 'ಕ್ರಿಟಿಕಲಿ ಟೇಪ್ಡ್'. ಚೀಟಿಯ ಮೇಲಿನ 'ಫುಲ್ಲಿ' ಅನ್ನುವ ಒಂದು ಪದಕ್ಕೆ ನಾನು ಕೊಡುವ ಬೆಲೆ ಬೇರೆ ಯಾವುದಕ್ಕೂ ಕೊಡುವುದಿಲ್ಲ. ಅದನ್ನೂ ಸುಮ್ನೆ ನಂಬುವುದಿಲ್ಲ. ಜಾಕೆಟ್ ತಿರುಗಿಸಿ ಕಂಕುಳಿನ ಹತ್ತಿರ ನೋಡುತ್ತೇನೆ. ತೋಳಿನ ಹೊಲಿಗೆ, ಪಕ್ಕೆಯ ಹೊಲಿಗೆ ಎಲ್ಲ ಬಂದು ಸೇರುವ ಜಾಗ ಅದು. ಪಟ್ಟಿಯ ಮೇಲೆ ಪಟ್ಟಿ ಬಂದು ಅಲ್ಲಿ ದಪ್ಪಗಾಗಿರುತ್ತದೆ. ಉಗುರು ಹಾಕಿ ಮೆಲ್ಲಗೆ ಎತ್ತಿ ನೋಡಿ. ಅಂಚು ಈಗಲೇ ಏಳುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಇಷ್ಟು ಹೇಳಿದರೆ ಕೆಲವರು 10,000 ಮಿ.ಮೀ., 20,000 ಮಿ.ಮೀ. ಅಂತ ಅಂಕಿ ಹಿಡಿದು ಬರುತ್ತಾರೆ. ಆ ಅಂಕಿ ಸುಳ್ಳಲ್ಲ. ಬಟ್ಟೆಯ ತುಂಡಿನ ಮೇಲೆ ನೀರಿನ ಒತ್ತಡ ಏರಿಸುತ್ತಾ ಹೋಗುತ್ತಾರೆ. ಇನ್ನೊಂದು ಮಗ್ಗುಲಲ್ಲಿ ಮೂರು ಕಡೆ ಹನಿ ಕಾಣಿಸಿದಾಗ ನಿಲ್ಲಿಸಿ ಅಳೆಯುತ್ತಾರೆ. 10,000 ಅಂದರೆ 10 ಮೀಟರ್ ಎತ್ತರದ ನೀರು ಮೇಲೆ ನಿಂತಷ್ಟು ಒತ್ತಡ. ಬೆನ್ನುಚೀಲದ ಪಟ್ಟಿ ಭುಜವನ್ನು ಒತ್ತುವಾಗ, ಒದ್ದೆ ಬಂಡೆಯ ಮೇಲೆ ಕೂತಾಗ ಈ ಅಂಕಿ ಕೆಲಸಕ್ಕೆ ಬರುತ್ತದೆ. ಆದರೆ ಅಳೆದದ್ದು ಯಾವುದನ್ನು? ಹೊಸ ಬಟ್ಟೆಯ ತುಂಡನ್ನು. ಅದರಲ್ಲಿ ಹೊಲಿಗೆ ಇಲ್ಲ, ಜಿಪ್ ಇಲ್ಲ, ಕುತ್ತಿಗೆ ಇಲ್ಲ. ಕೈಗೆಟುಕುವ ಬೆಲೆಯ ಜಾಕೆಟ್ ಹುಡುಕುವವರು ಅಂಕಿಯಲ್ಲಿ 10,000ಕ್ಕೆ ಸಮಾಧಾನ ಪಟ್ಟುಕೊಂಡು, ಉಳಿದ ದುಡ್ಡನ್ನು ಟೇಪ್ ಹಾಕಿದ ಹೊಲಿಗೆಗೆ, ಒಳ್ಳೆಯ ಹುಡ್‌ಗೆ ಹಾಕಬೇಕು ಅಂತ ನಾನು ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

ನನಗೆ ಇದರಲ್ಲಿ ಇಷ್ಟು ಕಾವು ಯಾಕೆ ಅಂತ ನಮ್ಮ ಬೆಟ್ಟ ಹತ್ತುವ ಗುಂಪಿನವರಿಗೆ ಗೊತ್ತು. ನೀಲಿ ಜಾಕೆಟ್‌ನ ದಿನ ನೆನಪಿದೆಯಲ್ಲ, ನನ್ನ ಜೊತೆ ಬೆಟ್ಟಕ್ಕೆ ಬಂದಿದ್ದ ಗೆಳತಿ ಮಳೆಯಲ್ಲಿ ತೊಯ್ದು ಚಳಿಗೆ ಸಿಕ್ಕ ದಿನ. ಆ ಕಥೆಯಲ್ಲಿ ನಾನು ಯಾವತ್ತೂ ಹೇಳದೆ ಉಳಿಸಿಕೊಂಡ ಒಂದು ಭಾಗ ಇದೆ. ಅವಳಿಗೆ ಆ ಜಾಕೆಟ್ ಕೊಡಿಸಿದ್ದು ನಾನೇ. ನಾನೂ ಅವತ್ತು ಇದೇ ಹನಿ ಉರುಳಿದ್ದನ್ನು ನೋಡಿ ನಂಬಿದ್ದೆ. ಮಳೆ ಹಿಡಿದು ನಾಲ್ಕನೇ ಗಂಟೆಗೆ ಅವಳು ಹಿಂದೆ ಬೀಳತೊಡಗಿದಳು. ಮೇಲೆ ಬಯಲು, ಗಾಳಿ ಬೇರೆ. ಕತ್ತಲಾಗುತ್ತದೆ, ಬೇಗ ನಡಿ ಅಂತ ನಾನು ಎರಡು ಸಲ ರೇಗಿದೆ. ಅವಳು ಏನೋ ಅಂದಳು, ಮಾತು ತೊದಲುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಜಿಪ್ ಎಳೆಯಲು ಬೆರಳು ಮಡಚುತ್ತಿಲ್ಲ. ಜಾಕೆಟ್ ಬಿಚ್ಚಿದೆ. ಹತ್ತಿ ಅಂಗಿ ಭುಜದಿಂದ ಸೊಂಟದವರೆಗೆ ತೊಯ್ದು ಮೈಗೆ ಅಂಟಿತ್ತು. ಹಿಮ ಬೀಳುವ ಚಳಿ ಅಲ್ಲ, 12 ಡಿಗ್ರಿ ಆಸುಪಾಸು ಇದ್ದಿರಬೇಕು. ಒದ್ದೆ ಮೈಗೆ ಗಾಳಿ ಬಡಿದರೆ ಅಷ್ಟೇ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಹೀರುತ್ತದೆ.

ಬಂಡೆಯ ಮರೆಗೆ ಹೋಗಿ ಒಣ ಸ್ವೆಟರ್ ಹಾಕಿಸಿ, ಅದರ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ ಹರಿದು ಹೊದಿಸಿ, ಮುಕ್ಕಾಲು ಗಂಟೆ ಅವಳನ್ನು ಅಪ್ಪಿಕೊಂಡು ಕೂತಿದ್ದೆ. ನಡುಕ ನಿಂತು ಮಾತು ಸರಿಯಾಯಿತು. ಅವಳು ಆಮೇಲೆ ಒಂದು ದಿನವೂ ನನ್ನನ್ನು ದೂರಲಿಲ್ಲ. ಆದರೆ ಚಳಿಗೆ ಕೈ ಮರಗಟ್ಟಿದವಳ ಮೇಲೆ ನಾನು ಸೋಮಾರಿ ಅಂತ ರೇಗಿದ್ದೆ. ಅದು ನನಗೆ ಮರೆತಿಲ್ಲ.

'ಕಾಸಿಗೆ ತಕ್ಕ ಕಜ್ಜಾಯ, ಅಗ್ಗದ್ದು ತಗೊಂಡರೆ ಸೋರದೆ ಇರುತ್ತಾ?' ಅಂತ ಒಬ್ಬರಾದರೂ ಕೆಳಗೆ ಬರೆಯುತ್ತೀರಿ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಲ್ಲ ಹೊಲಿಗೆಗೂ ಟೇಪ್ ಹಾಕಿದ ಅಗ್ಗದ ಜಾಕೆಟ್‌ಗಳನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಟೇಪ್ ಅನ್ನುವುದು ಐಷಾರಾಮ ಅಲ್ಲ. ದುಬಾರಿ ಜಾಕೆಟ್‌ನಲ್ಲಿ ಜಾಸ್ತಿ ದುಡ್ಡು ಹೋಗುವುದು ಮೂರು ಪದರದ ಬಟ್ಟೆಗೆ, ಹಗುರ ತೂಕಕ್ಕೆ, ಹೆಸರಿಗೆ. ದಿನಾ ಬೆಟ್ಟದಲ್ಲೇ ಕೆಲಸ ಇರುವವರಿಗೆ ಅದು ಬೇಕು, ಒಪ್ಪುತ್ತೇನೆ. ತಿಂಗಳಿಗೆ ಒಂದೆರಡು ಸಲ ನಡೆಯುವವರಿಗೆ ಬೇಡ. ಅಗ್ಗದ್ದರಲ್ಲಿ ಬಟ್ಟೆಗೆ ಒಳಗೆ ಲೇಪ ಬಳಿದು ಅದರ ಮೇಲೊಂದು ಬಲೆಯಂಥ ಅಸ್ತರಿ ಕೊಟ್ಟಿರುತ್ತಾರೆ. ಸ್ವಲ್ಪ ಭಾರ, ಆದರೆ ಮಳೆ ತಡೆಯುತ್ತದೆ. ಆ ಅಸ್ತರಿಯ ಹಿಂದೆ ಹೊಲಿಗೆ ಅಡಗಿರುತ್ತದೆ ಅನ್ನುವುದೊಂದೇ ತೊಂದರೆ. ಕೆಳಗಿನ ಅಂಚಿನಲ್ಲಿ ಅಥವಾ ಜೇಬಿನೊಳಗೆ ಒಂದು ಸಣ್ಣ ಜಿಪ್ ಇದ್ದರೆ ಅದನ್ನು ತೆರೆದು ಕೈ ಹಾಕಿ ಸವರಿ ನೋಡಿ. ಟೇಪ್ ಇದ್ದರೆ ಬೆರಳಿಗೆ ನುಣ್ಣಗೆ ಸಿಗುತ್ತದೆ.

ಒಳ್ಳೆಯ ಪೊರೆ ಇದ್ದರೆ ಬೆವರು ಹೊರಗೆ ಹೋಗುತ್ತದಲ್ವಾ ಅಂತಲೂ ಕೇಳುತ್ತಾರೆ. ಬಾಬ್ ಗೋರ್ 1969ರಲ್ಲಿ ಬಿಸಿ ಮಾಡಿದ ಟೆಫ್ಲಾನ್ ಕಡ್ಡಿಯನ್ನು ಥಟ್ಟನೆ ಎಳೆದು ಹಿಗ್ಗಿಸಿದ್ದರಿಂದ ಗೋರ್-ಟೆಕ್ಸ್ ಪೊರೆ ಬಂತು. ಅದರ ಸಣ್ಣ ರಂಧ್ರಗಳಲ್ಲಿ ನೀರಿನ ಹನಿ ನುಗ್ಗುವುದಿಲ್ಲ, ಬೆವರಿನ ಆವಿ ದಾಟುತ್ತದೆ. ಅದು ದೊಡ್ಡ ಕೆಲಸವೇ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಬೆಚ್ಚಗಿನ ಮಳೆಯಲ್ಲಿ ಹೊರಗೂ ಆವಿ ತುಂಬಿರುತ್ತದೆ. ಹೋಗುವುದಾದರೂ ಎಲ್ಲಿಗೆ? ಏರು ಹತ್ತುವಾಗ ಗಂಟೆಗೆ ಒಂದು ಲೀಟರ್ ಬೆವರು ಬರುವುದೂ ಉಂಟು. ಅಂಥ ಮಳೆಯಲ್ಲಿ ಯಾವ ಪೊರೆಯೂ ಅಷ್ಟನ್ನು ದಾಟಿಸುವುದಿಲ್ಲ. ಅದಕ್ಕೇ ನಾನು ಪೊರೆಗಿಂತ ಕಂಕುಳಿನ ಜಿಪ್ ಕೇಳುತ್ತೇನೆ. ಒಂದು ಗೇಣು ಉದ್ದದ ಜಿಪ್ ಎರಡೂ ಕಡೆ ತೆರೆದರೆ ಗಾಳಿ ಆಡಿ ಮೈ ಹಗುರಾಗುತ್ತದೆ. ಜಾಕೆಟ್ ಸೋರಿತು ಅಂತ ಗೋಳಾಡುವವರಲ್ಲಿ ಎಷ್ಟೋ ಜನ ಒದ್ದೆಯಾಗಿರುವುದು ತಮ್ಮದೇ ಬೆವರಿನಲ್ಲಿ.

ಎದೆಯ ಮೇಲಿನ ಜಿಪ್ ಹೊಳೆಯುತ್ತಿದೆ ಅಂತ ಮರುಳಾಗಬೇಡಿ. ಅದರ ಮೇಲೆ ಮುಚ್ಚುವ ಬಟ್ಟೆಪಟ್ಟಿ, ಅದಕ್ಕೆ ವೆಲ್ಕ್ರೋ ಅಥವಾ ಗುಂಡಿ ಇದ್ದರೆ ಅದೇ ಒಳ್ಳೆಯದು. ಹುಡ್ ಹಾಕಿಕೊಂಡು, ದಾರ ಬಿಗಿದು, ತಲೆಯನ್ನು ಎಡಕ್ಕೆ ತಿರುಗಿಸಿ. ಹುಡ್ ನಿಮ್ಮ ಜೊತೆ ತಿರುಗಬೇಕು. ಹುಡ್ ಅಲ್ಲೇ ನಿಂತು ನಿಮ್ಮ ಕಣ್ಣಿಗೆ ಬಟ್ಟೆ ಅಡ್ಡ ಬಂದರೆ ಇಳಿಜಾರಿನಲ್ಲಿ ಕಾಲಿಡುವ ಜಾಗವೇ ಕಾಣುವುದಿಲ್ಲ. ಕೈ ಮೇಲೆತ್ತಿ, ಮಣಿಕಟ್ಟು ಮುಚ್ಚಿಯೇ ಇರಬೇಕು. ಒಳಗೊಂದು ಸ್ವೆಟರ್‌ಗೆ ಜಾಗ ಇರಲಿ.

ಮನೆಗೆ ತಂದ ಮೇಲೆ, ಚೀಟಿ ಕೀಳುವ ಮೊದಲು, ಕೊರಳ ಹತ್ತಿರದ ಬಟ್ಟೆಗೆ ಬಾಯಿಟ್ಟು ಊದಿ. ಅಗ್ಗದ ಜಾಕೆಟ್‌ನಲ್ಲಿ ಉಸಿರು ಆಚೆ ದಾಟಿತು ಅಂದರೆ ಒಳಗೆ ಲೇಪವೇ ಇಲ್ಲ, ವಾಪಸ್ ಕೊಟ್ಟುಬಿಡಿ. ದಾಟದಿದ್ದರೆ ಬೂದು ಬಣ್ಣದ ಹತ್ತಿ ಅಂಗಿ ಹಾಕಿ, ಮೇಲೆ ಜಾಕೆಟ್ ಹಾಕಿ, ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಆಮೇಲೆ ಜಾಕೆಟ್ ಬಿಚ್ಚಿ ಕನ್ನಡಿ ನೋಡಿ. ಎಲ್ಲಿ ಸೋರಿದೆಯೋ ಅಲ್ಲಿ ಅಂಗಿ ಕಪ್ಪಗಾಗಿರುತ್ತದೆ. ನಾನು ಮಾಡಿದಾಗಲೆಲ್ಲ ಕಪ್ಪಾಗಿದ್ದು ಭುಜದ ಗೆರೆ, ಇಲ್ಲವೇ ಗಂಟಲ ಕೆಳಗೆ ಜಿಪ್ ಮುಗಿಯುವ ಜಾಗ. ಬಟ್ಟೆಯ ನಡುವೆ ಕಪ್ಪಾಗಿದ್ದು ಒಂದು ಸಲವೂ ಇಲ್ಲ.

ಇನ್ನು ಆ ಹನಿಗಳು. ಅವು ಹೆಚ್ಚು ದಿನ ಇರುವುದಿಲ್ಲ. ಧೂಳು, ಬೆವರು, ಚೀಲದ ಪಟ್ಟಿಯ ಉಜ್ಜಾಟ ಸೇರಿ ಲೇಪ ಸವೆಯುತ್ತದೆ. ದುಬಾರಿ ಜಾಕೆಟ್‌ನಲ್ಲೂ ಸವೆಯುತ್ತದೆ. ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಆವಿ ಹೊರಗೆ ಹೋಗುವುದು ತುಂಬ ಕಡಿಮೆಯಾಗುತ್ತದೆ. ಮೊದಲಿನ ಲೇಪಗಳಲ್ಲಿ ಫ್ಲೋರಿನ್ ರಾಸಾಯನಿಕ ಇರುತ್ತಿತ್ತು. ಅವು ಮಣ್ಣಿನಲ್ಲಿ, ನೀರಿನಲ್ಲಿ ಕೊಳೆತು ನಾಶವಾಗದೆ ಉಳಿದುಬಿಡುತ್ತವೆ ಅಂತ ಈಗ ಬಿಡುತ್ತಿದ್ದಾರೆ, ಒಳ್ಳೆಯದೇ ಆಯಿತು. ಆದರೆ ಹೊಸ ಲೇಪಗಳು ಎಣ್ಣೆ ಕೊಳೆಗೆ ಬೇಗ ಸೋಲುತ್ತವೆ. ಹಾಗಾಗಿ ಜಾಕೆಟ್ ಒಗೆಯಲು ಹೆದರಬೇಡಿ. ಸೌಮ್ಯವಾದ ದ್ರವ ಸೋಪು ಹಾಕಿ, ಚೆನ್ನಾಗಿ ಜಾಲಾಡಿಸಿ. ಬಟ್ಟೆ ಮೆದು ಮಾಡುವ ದ್ರವ ಮಾತ್ರ ಬೇಡವೇ ಬೇಡ. ಒಣಗಿದ ಮೇಲೆ, ಒಳಗಿನ ಚೀಟಿ ಬೇಡ ಅನ್ನದಿದ್ದರೆ, ಮೇಲೊಂದು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿದರೆ ಹನಿ ಮತ್ತೆ ಉರುಳತೊಡಗುತ್ತದೆ. ಒದ್ದೆ ಜಾಕೆಟ್ ಮಡಚಿ ಚೀಲದಲ್ಲಿ ಇಟ್ಟು ಮರೆಯಬೇಡಿ. ಒಳಗಿನ ಲೇಪ ಅಂಟಂಟಾಗಿ, ಚರ್ಮ ಸುಲಿದ ಹಾಗೆ ಚಕ್ಕೆಚಕ್ಕೆಯಾಗಿ ಎದ್ದು ಬರುತ್ತದೆ. ಒಮ್ಮೆ ಹಾಗಾದರೆ ಮುಗಿಯಿತು, ಸರಿ ಮಾಡಲು ಬರುವುದಿಲ್ಲ.

ಆ ಹುಡುಗ ಈಗ ಚೀಲ ತುಂಬುತ್ತಿರಬಹುದು. ಅವನ ಜಾಕೆಟ್ ಒಳಗೆ ಬಿಳಿ ಲೇಪ ಇದ್ದದ್ದನ್ನು ನೋಡಿದೆ, ಆದ್ದರಿಂದ ಅದನ್ನು ಇನ್ನೂ ಉಳಿಸಬಹುದು. ಹೊಲಿಗೆಗೆ ಹಚ್ಚುವ ಅಂಟು ಟ್ಯೂಬಿನಲ್ಲಿ ಸಿಗುತ್ತದೆ. ಪಾಲಿಯುರಿಥೇನ್ ಲೇಪದ ಬಟ್ಟೆಗೆ ಪಾಲಿಯುರಿಥೇನ್ ಅಂಟೇ ಬೇಕು, ಸಿಲಿಕೋನ್ ಅಂಟು ಅದಕ್ಕೆ ಹಿಡಿಯುವುದಿಲ್ಲ. ಭುಜ, ಹುಡ್, ತೋಳಿನ ಹೊಲಿಗೆ ಒರೆಸಿ, ಸಣ್ಣ ಬ್ರಶ್‌ನಲ್ಲಿ ತೆಳ್ಳಗೆ ಹಚ್ಚಿ, ರಾತ್ರಿಯೆಲ್ಲ ಒಣಗಲು ಬಿಡಬೇಕು. ಅಂಗಡಿಯಲ್ಲೇ ಇದನ್ನು ಹೇಳಬೇಕಿತ್ತು, ಸಿಟ್ಟಿನಲ್ಲಿ ತಲೆಗೆ ಹೊಳೆಯಲಿಲ್ಲ. ನಿಮ್ಮಲ್ಲಿ ಯಾರ ಜಾಕೆಟ್ ಹಾಗಿದ್ದರೂ ತಗೊಂಡು ಬನ್ನಿ. ನನ್ನ ಹತ್ತಿರ ಅರ್ಧ ಟ್ಯೂಬ್ ಉಳಿದಿದೆ, ತೆರೆದ ಮೇಲೆ ಅದು ಬೇಗ ಗಟ್ಟಿಯಾಗಿಬಿಡುತ್ತದೆ.