ನಮ್ಮ ಈರುಳ್ಳಿ

ಫ್ರಿಜ್ಜಿನಲ್ಲಿಟ್ಟ ಡಬ್ಬಿ ಖಾಲಿಯಾಗಿತ್ತು. ಅದು ಹೋಗಲಿ. ಮುಚ್ಚಳದ ಮೇಲೆ ನಾನು ಬರೆದಿದ್ದ ಎರಡು ಪದಗಳನ್ನು ಯಾರೋ ಕೆಂಪು ಪೆನ್ನಿನಲ್ಲಿ ಕೊಂಕು ಗೆರೆ ಎಳೆದು ಒಂದು ಮಾಡಿದ್ದರು. ತಿಂದಿದ್ದಲ್ಲದೆ ತಿದ್ದಿಯೂ ಹೋಗಿದ್ದರು!

ಬರ್ಗೆನ್‌ನಲ್ಲಿ ನಾವು ನಾಲ್ಕು ಜನಕ್ಕೆ ಒಂದೇ ಅಡುಗೆಮನೆ. ನಾರ್ವೆಯಲ್ಲಿ ಭಾನುವಾರ ಬಹುಪಾಲು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಹಾಗಾಗಿ ಶನಿವಾರ ಸಂಜೆಯೇ ಈರುಳ್ಳಿ ಸೊಪ್ಪು ತಂದು, ಸಣ್ಣಗೆ ಹೆಚ್ಚಿ, ಡಬ್ಬಿಗೆ ತುಂಬಿದ್ದೆ. ಬೆಳಿಗ್ಗೆ ಅಕ್ಕಿ ರೊಟ್ಟಿ ಮಾಡುವ ಆಸೆ. ಮುಚ್ಚಳದ ಮೇಲೆ ಟೇಪು ಹಚ್ಚಿ, ಹೊಸದಾಗಿ ಕಲಿತ ಭಾಷೆಯ ಹುಮ್ಮಸ್ಸಿನಲ್ಲಿ, ‘ವೋರ್ ಲ್ಯೋಕ್’ ಎಂದು ಬರೆದೆ. ವೋರ್ ಎಂದರೆ ವಸಂತ, ಲ್ಯೋಕ್ ಎಂದರೆ ಈರುಳ್ಳಿ. ಎರಡೂ ಸರಿ ಅಲ್ವಾ?

ಅಲ್ಲ. ವೋರ್ ಎಂದರೆ ‘ನಮ್ಮ’ ಅಂತಲೂ ಹೌದು. ಅಂಟಿಸಿ ಬರೆದರೆ ಈರುಳ್ಳಿ ಸೊಪ್ಪು. ನಡುವೆ ಒಂದು ಬೆರಳು ಜಾಗ ಬಿಟ್ಟರೆ ‘ನಮ್ಮ ಈರುಳ್ಳಿ’. ನಮ್ಮದು ಅಂದಮೇಲೆ ಕೇಳುವುದೇನು? ಮೂವರೂ ಆಮ್ಲೆಟ್ಟಿಗೆ ಹಾಕಿಕೊಂಡಿದ್ದಾರೆ.

ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. “ನಮ್ದು ಅಂತ ಬರ್ದಿಟ್ರೆ ತಿನ್ನದೆ ಪೂಜೆ ಮಾಡ್ತಾರಾ ಮಾರಾಯ?” ಅಂದಳು. ಮನೆಯವರೇ ಹೀಗಂದರೆ ಯಾರ ಹತ್ತಿರ ಹೇಳುವುದು?

ಪದಗಳನ್ನು ಯಾವಾಗ ಅಂಟಿಸಬೇಕು ಎನ್ನುವುದಕ್ಕೆ ನಾನೊಂದು ಸೂತ್ರ ಕಂಡುಹಿಡಿದಿದ್ದೇನೆ. ಆಮೇಲೆ ಹೇಳುತ್ತೇನೆ. ಮೊದಲು ಈ ಲ್ಯೋಕ್ ವಿಷಯ ಮುಗಿಯಲಿ. ಬಾಯಿಯ ಒಳಗೆ ‘ಏ’ ಅನ್ನಬೇಕು, ಹೊರಗೆ ತುಟಿ ‘ಓ’ ಅನ್ನಬೇಕು, ಆಗ ಆ ಸ್ವರ ಬರುತ್ತದೆ. ನನಗೆ ಮೂರು ತಿಂಗಳಾದರೂ ‘ಲೋಕ’ ಎಂದೇ ಬರುತ್ತಿತ್ತು. ಒಂದೇ ಉಸಿರಿನ, ಒಂದೇ ತುಂಡಿನ ಪದ. ಆದರೆ ಅದರ ಸಂಸಾರ ದೊಡ್ಡದು. ಹುಲ್ಲು ಸೇರಿದರೆ ಗ್ರೆಸ್‌ಲ್ಯೋಕ್, ಕಡ್ಡಿಯಂಥ ಸಪೂರ ಸೊಪ್ಪು. ಹೂವು ಸೇರಿದರೆ ಬ್ಲೊಮ್‌ಸ್ಟರ್‌ಲ್ಯೋಕ್, ಮಣ್ಣಿನಲ್ಲಿ ಹೂಳುವ ಟ್ಯುಲಿಪ್ ಗಡ್ಡೆ. ಐದಾರನೇ ಶತಮಾನದ ಚಿನ್ನದ ಪದಕಗಳ ಮೇಲೆ ಈ ಪದದ ಅಜ್ಜನನ್ನು, ‘ಲೌಕಝ್’ ಅಂತ, ರೂನ್ ಲಿಪಿಯಲ್ಲಿ ಕೊರೆದಿದ್ದಾರೆ. ಕೊರಳಿಗೆ ಕಟ್ಟಿಕೊಳ್ಳುವ ಪದಕದ ಮೇಲೆ! ನನ್ನ ಡಬ್ಬಿಗೆ ಮಾತ್ರ ಆ ಮರ್ಯಾದೆ ಸಿಗಲಿಲ್ಲ.

ಬಿಳಿ ಸೇರಿದರೆ ವೀತ್‌ಲ್ಯೋಕ್. ಬಿಳಿ ಈರುಳ್ಳಿ ಇರಬೇಕು ಎಂದು ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಬೆಳ್ಳುಳ್ಳಿ. ಒಂದು ಕ್ಷಣ ನಗು ಬಂತು. ಆಮೇಲೆ ನಾಚಿಕೆಯಾಯಿತು. ನಮ್ಮದೂ ಅದೇ ತಾನೆ? ಬೆಳ್ ಎಂದರೆ ಬಿಳಿ, ಅದಕ್ಕೆ ಉಳ್ಳಿ. ಮೂವತ್ತು ವರ್ಷ ಒಗ್ಗರಣೆಗೆ ಜಜ್ಜಿ ಹಾಕಿದ್ದೇನೆ, ಒಂದು ದಿನವೂ ಪದವನ್ನು ಬಿಡಿಸಿ ನೋಡಿರಲಿಲ್ಲ. ಜೊತೆಗೆ, ಈ ‘ವೀತ್’ ನಮ್ಮ ‘ಶ್ವೇತ’ದ ದೂರದ ನೆಂಟ. ಬರೆಯುವಾಗ ಇವರು ಅದರ ಮುಂದೆ ಒಂದು ಹಕಾರ ಇಡುತ್ತಾರೆ, ಹೇಳುವಾಗ ನುಂಗುತ್ತಾರೆ. ಯಾಕೆ ಇಡುತ್ತೀರಿ ಎಂದರೆ ಹೆಗಲು ಕುಣಿಸುತ್ತಾರೆ.

ಹಾಗಂತ ಇವರೆಲ್ಲ ಪಂಡಿತರೇನಲ್ಲ. ಹೀಗೆ ಒಡೆದು ಬರೆಯುವ ತಪ್ಪಿಗೆ ‘ಸ್ಯಾರ್‌ಸ್ಕ್ರೀವಿಂಗ್’ ಎಂದು ಹೆಸರೇ ಇದೆ. ಆ ಹೆಸರು ಮಾತ್ರ ಗಟ್ಟಿಯಾಗಿ ಅಂಟಿಕೊಂಡಿದೆ. ಕುರಿಮರಿಯ ತೊಡೆಮಾಂಸಕ್ಕೆ ‘ಲಮ್ಮೆಲೋರ್’ ಎನ್ನುತ್ತಾರೆ. ಒಡೆದರೆ ಲಕ್ವ ಹೊಡೆದ ತೊಡೆಗಳು. ಅನಾನಸ್ ಬಿಲ್ಲೆಗಳಿಗೆ ಇವರು ಹೇಳುವ ‘ಅನಾನಸ್‌ರಿಂಗೆರ್’ ಪದವನ್ನು ಒಡೆದರೆ ‘ಅನಾನಸ್ ಫೋನ್ ಮಾಡುತ್ತಿದೆ’ ಎಂದಾಗುತ್ತದೆ. ಇದಕ್ಕೆಲ್ಲ ಇಂಗ್ಲಿಷ್ ಕಾರಣ ಎಂದು ಬೈಯುವವರಿದ್ದಾರೆ. ಬೈಗುಳ ಕೇಳಿ ನನಗೆ ಊರಿಗೆ ಬಂದ ಹಾಗೇ ಆಯಿತು.

ಕಿವಿಗೆ ಈ ಗೊಂದಲ ಇಲ್ಲವಂತೆ. ಈರುಳ್ಳಿ ಸೊಪ್ಪಾದರೆ ಮೊದಲ ತುಂಡಿಗೆ ಒತ್ತು, ಎರಡನೆಯದು ಅದರ ಬೆನ್ನಿಗೆ ಜಾರುತ್ತದೆ. ‘ನಮ್ಮ ಈರುಳ್ಳಿ’ ಆದರೆ ಒತ್ತು ಈರುಳ್ಳಿಯ ಮೇಲೆ. ಇದನ್ನು ನನಗೆ ವಿವರಿಸಿದವನು ಪಕ್ಕದ ರೂಮಿನವನು. ಮೇಜು ಕುಟ್ಟಿ ಕುಟ್ಟಿ, ತಾಳ ಹಾಕಿ ತೋರಿಸಿದ. ಕಿಸೆಯಲ್ಲಿ ಕೆಂಪು ಪೆನ್ನಿತ್ತು. ಕುಟ್ಟುವ ಕೈಗಿಂತ ನನಗೆ ಆ ಪೆನ್ನೇ ಜಾಸ್ತಿ ಕಾಣುತ್ತಿತ್ತು.

“ನೀನೇನಾ?” ಎಂದೆ.

ಮುಖ ಕೆಂಪಾಯಿತು. “ನಾನೊಬ್ಬ ಲ್ಯೋಕ್” ಎಂದ. ಇಲ್ಲಿ ಪೆದ್ದನಿಗೂ ಲ್ಯೋಕ್ ಎನ್ನುತ್ತಾರೆ. ಕ್ಷಮೆ ಕೇಳಿದ ಹಾಗೂ ಆಯಿತು, ಸೊಪ್ಪು ವಾಪಸ್ ಕೊಡದ ಹಾಗೂ ಆಯಿತು. ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವವರ ಮೇಲೆ ಜಗಳ ಆಡುವುದು ಬಹಳ ಕಷ್ಟ. ನನಗಂತೂ ಜಗಳವೇ ಬೇಕಿತ್ತು.

ಮುಂದಿನ ಶನಿವಾರ ಇನ್ನೊಂದು ಕಟ್ಟು ತಂದೆ. ನವೆಂಬರ್ ತಿಂಗಳು, ಹೊರಗೆ ಒಂದೇ ಸಮ ಮಳೆ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ. ಇದಕ್ಕೆ ವಸಂತ ಅಂತ ಹೆಸರು ಬೇರೆ. ಹೆಚ್ಚಿ ತುಂಬಿ, ಈ ಸಲ ಕನ್ನಡದಲ್ಲಿ ಬರೆದೆ. ಪಕ್ಕದ ರೂಮಿನವನು ಬಂದು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದು ಒಂದು ಪದವಾ, ಎರಡಾ?”

ಸೂತ್ರ ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾವಲಿಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು.