ಲೈಟಿಗೆ ಹನ್ನೆರಡು ಸಾವಿರ, ಟೈರಿಗೆ ಒಂದು ನೋಟವೂ ಇಲ್ಲ

ಕಳೆದ ಭಾನುವಾರ ಬೆಳಿಗ್ಗೆ ಆರಕ್ಕೆ ನಾವು ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಕಾಯುತ್ತಾ ನಿಂತಿದ್ದೆವು. ಆರು ಜನ, ಆರು ಕಾರು. ತಿಂಗಳಿಗೊಮ್ಮೆ ಇದು ನಮ್ಮ ವಾಡಿಕೆ. ಕತ್ತಲಿರುವಾಗಲೇ ಬೆಂಗಳೂರು ಬಿಟ್ಟು, ಹಳೆಯ ರಸ್ತೆಗಿಳಿದು ಇಡ್ಲಿ ತಿಂದು, ಮತ್ತೆ ಎಕ್ಸ್‌ಪ್ರೆಸ್‌ವೇ ಹತ್ತಿ ಮಂಡ್ಯದವರೆಗೆ ಹೋಗಿ, ಮನೆಯವರು ಕಾಫಿ ಮುಗಿಸಿ ನಮ್ಮನ್ನು ಬೈಯಲು ಶುರು ಮಾಡುವ ಹೊತ್ತಿಗೆ ವಾಪಸ್ಸಾಗುವುದು. ಮಾತೆಲ್ಲ ಕಾರಿನದೇ. ಅಂದಿನ ವಿಷಯ ಹೆಡ್‌ಲೈಟ್.

ನನ್ನ ಭಾವಮೈದುನ ಹಿಂದಿನ ವಾರವಷ್ಟೇ ಹನ್ನೆರಡು ಸಾವಿರ ಕೊಟ್ಟು ಹೊಸ ಎಲ್‌ಇಡಿ ಹಾಕಿಸಿದ್ದ. ಹೋಟೆಲಿನ ಪಕ್ಕದ ಕಾಂಪೌಂಡ್ ಗೋಡೆಗೆ ಬಿಟ್ಟು ತೋರಿಸಿದ. ಗೋಡೆಯ ಮೇಲಿನ ಕೋಚಿಂಗ್ ಸೆಂಟರಿನ ಜಾಹೀರಾತು, ಅದರ ಮೊಬೈಲ್ ಸಂಖ್ಯೆ, ಮೇಲೆ ಮಲಗಿದ್ದ ಬೆಕ್ಕು ಎಲ್ಲವೂ ಹಾಲು ಚೆಲ್ಲಿದಂತೆ ಬೆಳಗಿದವು. ಬೆಳಕಿನ ಬಣ್ಣ 6000 ಕೆಲ್ವಿನ್ನಿನ ಅಚ್ಚ ಬಿಳಿ ಇದ್ದರೆ ಒಳ್ಳೆಯದೋ, 4300ರ ತುಸು ಹಳದಿ ಒಳ್ಳೆಯದೋ ಎಂಬ ವಾದ ಎರಡನೇ ಪ್ಲೇಟ್ ಇಡ್ಲಿ ಬರುವವರೆಗೂ ನಡೆಯಿತು. ನಾನು ಸುಮ್ಮನಿರಲಾರದೆ ಕೇಳಿದೆ:

"ಅದಿರಲಿ, ಟೈರು ಯಾವ ವರ್ಷದ್ದು?"

"2016ರದು ಭಾವ."

"ಅದು ಕಾರಪ್ಪ. ಟೈರು?"

ಆರರಲ್ಲಿ ಒಬ್ಬನಿಗೂ ಗೊತ್ತಿಲ್ಲ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ, ಅಂದರೆ 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು ಎಂದು ಹೇಳಿದೆ. ಎಲ್ಲರೂ ಕುಕ್ಕರುಗಾಲಿನಲ್ಲಿ ಕುಳಿತು ಹುಡುಕತೊಡಗಿದರು. ಬೆಕ್ಕಿನ ಮೀಸೆ ಎಣಿಸುವಷ್ಟು ಬೆಳಕಿದ್ದ ಕಾರಿನ ಟೈರನ್ನು ಮೊಬೈಲ್ ಟಾರ್ಚಿನಲ್ಲಿ ಓದಬೇಕಾಯಿತು.

ಹೀಗೆ ಉಪದೇಶ ಮಾಡುವ ಯೋಗ್ಯತೆ ನನಗೇನೂ ಇಲ್ಲ. ಲೈಟಿನ ಹುಚ್ಚಿನಲ್ಲಿ ನಾನು ಇವರೆಲ್ಲರಿಗಿಂತ ಹಿರಿಯ. ನನ್ನ ಕಾರು 2012ರದು. ತಂದ ವರ್ಷವೇ ಜೆ.ಸಿ. ರಸ್ತೆಗೆ ಹೋಗಿ, ಕಂಪನಿಯ 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ 55) ಬಲ್ಬು ತೆಗೆಸಿ 100/90 ಹಾಕಿಸಿದೆ. ಅಂಗಡಿಯವನು "ವೈರಿಂಗ್ ಏನೂ ಮುಟ್ಟಬೇಕಾಗಿಲ್ಲ ಸಾರ್, ಹಾಗೇ ಕೂರುತ್ತದೆ" ಎಂದ. ಕೂತಿತು. ಮೂರು ತಿಂಗಳ ನಂತರ ಒಂದು ರಾತ್ರಿ ಬಾನೆಟ್ಟಿನ ಕಡೆಯಿಂದ ಇಸ್ತ್ರಿಪೆಟ್ಟಿಗೆಗೆ ಪ್ಲಾಸ್ಟಿಕ್ ಅಂಟಿದಾಗ ಬರುವಂಥ ವಾಸನೆ ಬಂತು. ತೆಗೆದು ನೋಡಿದರೆ ಬಲ್ಬಿನ ಹೋಲ್ಡರ್ ತಳ ಹಿಡಿದ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಒಂದು ಪಿನ್ ಅದರೊಳಗೆ ಅಂಟಿಯೇ ಹೋಗಿತ್ತು. ಕಾರಣ ಸರಳ. ಹೈ ಬೀಮಿನಲ್ಲಿ 60 ವ್ಯಾಟಿನ ಎರಡು ಬಲ್ಬಿಗೆ ಸುಮಾರು 10 ಆಂಪಿಯರ್ ಸಾಕು. 100 ವ್ಯಾಟಿನ ಎರಡಕ್ಕೆ 16 ಆಂಪಿಯರ್ ದಾಟುತ್ತದೆ. ಬಲ್ಬು ಬದಲಾಯಿತು, ವೈರು ಹಿಂದಿನದೇ, ಅದರ ಹೊಟ್ಟೆಯೂ ಹಿಂದಿನಷ್ಟೇ.

ಆಮೇಲೆ ಬಲ್ಲವರೊಬ್ಬರು ಮಲ್ಟಿಮೀಟರ್ ಹಿಡಿದು ತೋರಿಸಿದ್ದು ಇನ್ನೂ ಸ್ವಾರಸ್ಯವಾದ ಸಂಗತಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಬುಡದಲ್ಲಿ 11.9. ನಡುವಿನದನ್ನು ವೈರು, ಸ್ವಿಚ್ಚು, ತುಕ್ಕು ಹಿಡಿದ ಅರ್ಥ್ ಪಾಯಿಂಟ್ ಸೇರಿ ನುಂಗಿದ್ದವು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ಆ ಲೆಕ್ಕದಲ್ಲಿ ನನಗೆ ಸಿಗಬೇಕಾದ ಬೆಳಕಿನಲ್ಲಿ ಹತ್ತಿರ ಹತ್ತಿರ 40% ದಾರಿಯಲ್ಲೇ ಸೋರಿ ಹೋಗುತ್ತಿತ್ತು. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಫ್ಯೂಸ್ ಹಾಕಿ, ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಕೂರಿಸಿದ್ದರೆ ಕಂಪನಿಯ ಬಲ್ಬೇ ಸಾಕಾಗುತ್ತಿತ್ತು. ಆದರೆ ರಿಲೇ ಹಾಕಿಸಿದೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು? ನಾನು ಎಲ್‌ಇಡಿ ಹಾಕಿಸಿಕೊಂಡೆ.

ಅದರ ಡಬ್ಬಿಯ ಮೇಲೆ 20,000 ಲ್ಯೂಮೆನ್ ಎಂದಿತ್ತು. ಕಂಪನಿಯ ಮೂಲ ಬಲ್ಬು ಎಚ್4 ಎಂಬ ಮಾದರಿಯ ಹ್ಯಾಲೊಜೆನ್, ಅದರ ಲೋ ಬೀಮ್ ಇರುವುದು ಸುಮಾರು 1000 ಲ್ಯೂಮೆನ್. ಇಪ್ಪತ್ತು ಪಟ್ಟು ಬೆಳಕು ಎಂದರೆ ಯಾರು ಬೇಡ ಎನ್ನುತ್ತಾರೆ! ಆದರೆ ಆ ಹಳೆಯ ಎಚ್4 ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ (ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದರೆ ಬಲ್ಬಿನ ಆಯುಸ್ಸು ಮುಗಿಯಿತು). ಒಳಗೆ ಎರಡು ಫಿಲಮೆಂಟ್. ಲೋ ಬೀಮಿನದರ ಕೆಳಗೆ ಪುಟ್ಟ ಬಟ್ಟಲಿನಂಥ ತಗಡು. ಆ ತಗಡಿನಿಂದಾಗಿ ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೀಳುತ್ತದೆ, ಅಲ್ಲಿಂದ ತಗ್ಗಿ ರಸ್ತೆಗೆ ಬೀಳುತ್ತದೆ. ಎದುರಿನವನ ಕಣ್ಣು ಉಳಿದಿರುವುದು ಆ ಬೆರಳುಗುರಿನಷ್ಟು ತಗಡಿನ ಪುಣ್ಯದಿಂದ. ರಿಫ್ಲೆಕ್ಟರಿನ ಒಂದೊಂದು ಬಾಗನ್ನೂ ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅಲ್ಲಿಗೆ ಅಗಲವಾದ ಎಲ್‌ಇಡಿ ಪಟ್ಟಿಯನ್ನು ತಂದು, ಮಿಲಿಮೀಟರ್ ಆಚೀಚೆ ಕೂರಿಸಿದರೆ ಬೆಳಕು ಕಾಲುವೆ ಒಡೆದ ನೀರಿನಂತೆ ಎಲ್ಲೆಂದರಲ್ಲಿ ಹರಿಯುತ್ತದೆ. ಮುಂದಿನ ಹತ್ತು ಮೀಟರ್ ರಸ್ತೆ ಹಗಲಿನಂತಾಗಿ, ಆ ಪ್ರಖರತೆಗೆ ನಮ್ಮ ಕಣ್ಣಿನ ಪಾಪೆ ಕಿರಿದಾಗಿ, ದೂರದಲ್ಲಿರುವುದು ಮೊದಲಿಗಿಂತ ಕಡಿಮೆ ಕಾಣುತ್ತದೆ. ಕುಳಿತವನಿಗೆ ಮಾತ್ರ ಏನೋ ಅದ್ಭುತ ಬೆಳಕು ಎಂಬ ಭ್ರಮೆ. ಮಳೆಗಾಲದಲ್ಲಿ ಶಿರಾಡಿ ಇಳಿದು ನೋಡಿ, ಮಂಜಿನ ಮುಂದೆ ಆ ಬಿಳಿ ಬೆಳಕು ಸುಣ್ಣ ಬಳಿದ ಗೋಡೆಯಾಗಿ ನಿಲ್ಲುತ್ತದೆ.

ಈಗ 2019ರ ಏಪ್ರಿಲಿಗೆ ಬರುತ್ತೇನೆ. ದಾವಣಗೆರೆಯಲ್ಲಿ ನೆಂಟರ ಗೃಹಪ್ರವೇಶ ಮುಗಿಸಿ ಸಂಜೆ ಹೊರಟೆವು. ನಾಲ್ಕು ಜನ, ಡಿಕ್ಕಿಯಲ್ಲಿ ಅರ್ಧ ಮೂಟೆ ಅಕ್ಕಿ, ಅದರ ಮೇಲೆ ಮಂಡಕ್ಕಿ ಚೀಲ. ಬೆಳಿಗ್ಗೆಯೇ ಟೈರಿನ ಗಾಳಿಯನ್ನು 33 ಪಿಎಸ್‌ಐಯಿಂದ (ಗಾಳಿಯ ಒತ್ತಡದ ಅಳತೆ) 28ಕ್ಕೆ ಇಳಿಸಿದ್ದೆ. ಬಿಸಿಲಿನಲ್ಲಿ ಹೈವೇಗೆ ಹೋಗುವಾಗ ಗಾಳಿ ಕಡಿಮೆ ಇರಬೇಕು, ಇಲ್ಲದಿದ್ದರೆ ಬಿಸಿಗೆ ಉಬ್ಬಿ ಒಡೆಯುತ್ತದೆ ಎಂಬುದು ನಮ್ಮ ತಂದೆಯ ಕಾಲದಿಂದ ಬಂದ ಶಾಸ್ತ್ರ. ಟೈರು ಏಳು ವರ್ಷದ್ದು, ಕಾರಿನ ಜೊತೆಗೇ ಬಂದದ್ದು. ಕಾರು ಹೆಚ್ಚು ಓಡಿಸಿರಲಿಲ್ಲವಾದ್ದರಿಂದ ಬಟನ್, ಅಂದರೆ ನೆಲ ಮುಟ್ಟುವ ಟ್ರೆಡ್ಡಿನ ಅಚ್ಚು, ಚೆನ್ನಾಗಿಯೇ ಇತ್ತು.

ಹಿರಿಯೂರು ದಾಟಿದಾಗ ಪೂರ್ತಿ ಕತ್ತಲು. ರಸ್ತೆ ನೇರ, ಲೈಟು ಬೆಳ್ಳಗೆ, ಮುಳ್ಳು 110ರ ಆಸುಪಾಸಿನಲ್ಲಿ. ಆ ಬೆಳಕು ಇಲ್ಲದಿದ್ದರೆ ನಾನು 80 ದಾಟುತ್ತಿರಲಿಲ್ಲ, ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. 110ರಲ್ಲಿ ಕಾರು ಸೆಕೆಂಡಿಗೆ 30 ಮೀಟರ್ ಓಡುತ್ತದೆ. ಏನನ್ನೋ ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ 45 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ, ಎಲ್ಲ ಸರಿಯಿದ್ದರೂ, ಇನ್ನೊಂದು 65-70 ಮೀಟರ್. ಲೋ ಬೀಮ್ ನೆಟ್ಟಗೆ ತೋರಿಸುವುದೇ 50-60 ಮೀಟರ್. ಅಂದರೆ ಕಂಡದ್ದರ ಮುಂದೆ ನಿಲ್ಲಿಸುವುದು ಸಾಧ್ಯವೇ ಇರಲಿಲ್ಲ.

ಶಿರಾ ಇನ್ನೇನು ಬಂತು ಎನ್ನುವಾಗ ಸೀಟಿನ ಕೆಳಗೆ ಸಣ್ಣ ನಡುಕ. ಸ್ಟೇರಿಂಗ್‌ನಲ್ಲಿ ಇಲ್ಲ, ಸೀಟಿನಲ್ಲಿ ಮಾತ್ರ. "ಹಿಂದೆ ಏನೋ ಬಡಿಯುತ್ತಿದೆಯಲ್ಲಾ" ಎಂದಳು ನನ್ನ ಹೆಂಡತಿ. ರಸ್ತೆ ಸರಿಯಿಲ್ಲ ಎಂದೆ. ತಪ್ ತಪ್ ತಪ್ ಎಂದು ಯಾರೋ ಒದ್ದೆ ಬಟ್ಟೆ ಒಗೆಯುತ್ತಿರುವಂಥ ಸದ್ದು. ನಿಲ್ಲಿಸಬೇಕಾಗಿತ್ತು. ಎರಡು ನಿಮಿಷದ ನಂತರ ಹಿಂದಿನ ಎಡಗಾಲಿಯಿಂದ ದೊಡ್ಡ ಶಬ್ದ, ಕಾರಿನ ಹಿಂಭಾಗ ಒಂದು ಕಡೆಗೆ ವಾಲಿತು. ಬ್ರೇಕ್ ಒತ್ತಲಿಲ್ಲ. ಜಾಣತನದಿಂದಲ್ಲ, ಕಾಲು ಮರಗಟ್ಟಿತ್ತು. ಅದೇ ಉಳಿಸಿತು. ಅಂಥ ಹೊತ್ತಿನಲ್ಲಿ ಸ್ಟೇರಿಂಗ್ ನೇರ ಹಿಡಿದು ವೇಗ ತಾನಾಗಿ ಇಳಿಯಲು ಬಿಡಬೇಕೆಂಬುದು ನನಗೆ ಗೊತ್ತಾದದ್ದು ಆಮೇಲೆ.

ಪಕ್ಕಕ್ಕೆ ನಿಲ್ಲಿಸಿ, ಕೈ ನಡುಗುತ್ತಾ ಜಾಕ್ ಹುಡುಕುತ್ತಿದ್ದೆ. ಒಬ್ಬ ಲಾರಿಯವರು ಸ್ವಲ್ಪ ಮುಂದೆ ನಿಲ್ಲಿಸಿ ನಮ್ಮತ್ತ ನಡೆದು ಬಂದರು. ಮುಖಕ್ಕೆ ಅಡ್ಡಲಾಗಿ ಕೈ ಹಿಡಿದುಕೊಂಡೇ ಬಂದರು. ಅವರ ಮೊದಲ ಮಾತು, "ಯಜಮಾನರೇ, ಮೊದಲು ಆ ಲೈಟು ಆರಿಸಿ. ಕಣ್ಣು ಬಿಡಲು ಆಗುತ್ತಿಲ್ಲ."

ಅವರೇ ಟೈರು ಬಿಚ್ಚಿದರು. ಟ್ರೆಡ್ಡಿನ ಪಟ್ಟಿ ಅರ್ಧ ಸುತ್ತು ಕಿತ್ತು ಬಂದು, ಒಳಗಿನ ಉಕ್ಕಿನ ತಂತಿಗಳು ಹೊರಚಾಚಿದ್ದವು. ಕೈ ಇಟ್ಟೆ, ಬಿಸಿಗೆ ತಟ್ಟನೆ ತೆಗೆದೆ. ಸ್ಟೆಪ್ನಿಯನ್ನು ಒತ್ತಿ ನೋಡಿ ನಕ್ಕರು, ಅದರಲ್ಲೂ ಗಾಳಿ ಅರ್ಧಂಬರ್ಧ. ಆಮೇಲೆ ತಮ್ಮ ಕಬ್ಬಿಣದ ರಾಡು ತಂದು ಉಳಿದ ಮೂರನ್ನೂ ಬಡಿದು ನೋಡಿದರು. "ಎಲ್ಲಕ್ಕೂ ಕಡಿಮೆ ಇದೆ. ಯಾರು ಹೇಳಿದ್ದು ನಿಮಗೆ ಹೀಗೆ?" ತಂದೆಯ ಹೆಸರು ಹೇಳಲು ಮನಸ್ಸಾಗಲಿಲ್ಲ.

ಆ ಶಾಸ್ತ್ರ ತಲೆಕೆಳಗು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ. ನಮ್ಮಂಥ ಕಾರಿನ ಟೈರು ಸುಮಾರು 62 ಸೆಂಟಿಮೀಟರ್ ವ್ಯಾಸದ್ದು. 110ರಲ್ಲಿ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಸುತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬೆರಳಿಗೆ ಬಿಸಿ ತಾಗುವುದಿಲ್ಲವೇ, ಅದೇ ಇದು. ಆ ಬಿಸಿಯಲ್ಲಿ, ವಯಸ್ಸಾಗಿ ಗಡುಸಾದ ರಬ್ಬರು ಉಕ್ಕಿನ ಪಟ್ಟಿಯಿಂದ ಬಿಡತೊಡಗುತ್ತದೆ. ಓಡುವಾಗ ಗಾಳಿಯ ಒತ್ತಡ ಸ್ವಲ್ಪ ಏರುವುದು ಸಹಜ. ಅದನ್ನು ತಯಾರಕರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಚಾಲಕನ ಬಾಗಿಲ ಕಂಬದ ಮೇಲಿನ ಸ್ಟಿಕ್ಕರಿನಲ್ಲಿರುವುದು ತಣ್ಣಗಿರುವ ಟೈರಿನ ಅಂಕಿ. ತುಂಬು ಭಾರಕ್ಕೆ ಅಲ್ಲೇ ಇನ್ನೊಂದು ಅಂಕಿ ಬರೆದಿದ್ದರೆ ಅದು ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

ಇದು ನನ್ನೊಬ್ಬನ ಕಥೆಯಲ್ಲ. 2000ದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿದ್ದವು. ವೇಗದಲ್ಲಿ ಹೋಗುವಾಗ ಟ್ರೆಡ್ ಕಿತ್ತು ವಾಹನ ಮಗುಚುತ್ತಿತ್ತು. 271 ಸಾವುಗಳನ್ನು ಅಲ್ಲಿನ ಸರ್ಕಾರ ಲೆಕ್ಕ ಹಾಕಿತು. ಫೋರ್ಡ್ ಸೂಚಿಸಿದ್ದ ಗಾಳಿ 26 ಪಿಎಸ್‌ಐ. ಟೈರಿನ ತಯಾರಿಕೆಯ ದೋಷ, ವಾಹನದ ವಿನ್ಯಾಸ, ಕಡಿಮೆ ಗಾಳಿ ಎಂದು ಎರಡೂ ಕಂಪನಿಗಳು ಪರಸ್ಪರ ಬೆರಳು ತೋರಿಸಿದವು. ನನ್ನ ಗಮನ ನಿಂತದ್ದು ಒಂದು ಕಡೆ: ಪ್ರಕರಣಗಳು ಹೆಚ್ಚಾಗಿದ್ದದ್ದು ಟೆಕ್ಸಾಸ್, ಫ್ಲಾರಿಡಾ, ಅರಿಜೋನದಂಥ ಬಿಸಿಲು ನಾಡುಗಳಲ್ಲಿ. ಚಿತ್ರದುರ್ಗ, ಹಿರಿಯೂರಿನ ಏಪ್ರಿಲ್ ನಮಗೆ ಗೊತ್ತಿರುವುದೇ.

ಟೈರು ಒಂದೇ ಅಲ್ಲ. 60ರಲ್ಲಿ ಗುಂಯ್ ಎನ್ನುವ ವೀಲ್ ಬೇರಿಂಗ್ 110ರಲ್ಲಿ ಹಾಡಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಸ್ಟೇರಿಂಗನ್ನು ತುಸು ಬಲಕ್ಕೆ ತಿರುಗಿಸಿದಾಗ ಗುಂಯ್ ಜೋರಾದರೆ ಎಡಗಡೆಯ ಬೇರಿಂಗನ್ನು ಮೊದಲು ಅನುಮಾನಿಸಬೇಕು, ಭಾರ ಆ ಕಡೆಗೆ ಬೀಳುತ್ತದೆ. ಬ್ರೇಕ್ ಆಯಿಲ್ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಬರುತ್ತದೆ. ಘಾಟಿ ಇಳಿಯುವಾಗ ಅದು ಕುದಿದರೆ ಪೆಡಲ್ ಸೀದಾ ನೆಲಕ್ಕೆ. ನಾನು ಹತ್ತು ವರ್ಷದಲ್ಲಿ ಅದನ್ನು ಒಮ್ಮೆ ಬದಲಾಯಿಸಿದ್ದೆ, ಲೈಟನ್ನು ನಾಲ್ಕು ಸಲ.

2024ರ ಜುಲೈನಲ್ಲಿ ನಮ್ಮ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಪ್ರಕರಣ ಹಾಕತೊಡಗಿದಾಗ, ಆಗಸ್ಟ್ 1ರಿಂದ ಗಂಟೆಗೆ 130 ಕಿ.ಮೀ. ವೇಗ ಮೀರಿದವರ ಮೇಲೆ ಎಫ್‌ಐಆರ್ ಎಂದಾಗ ನಮ್ಮ ಗೆಳೆಯರು ಕೆಂಡವಾದರು. ಕಂಪನಿಯಿಂದಲೇ ಕಣ್ಣು ಕುಕ್ಕುವ ಲೈಟಿನ ದೊಡ್ಡ ಕಾರುಗಳು ಬರುತ್ತಿವೆಯಲ್ಲ, ಅವರನ್ನು ಯಾರು ಕೇಳುತ್ತಾರೆ ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಎರಡು ಆದೇಶ ಬೆನ್ನುಬೆನ್ನಿಗೆ ಬಂದದ್ದು ನನಗೆ ಸರಿಯಾಗಿಯೇ ಕಂಡಿತು. ಶಿರಾದ ಆ ರಾತ್ರಿ ನನ್ನ ಕಾರಿನಲ್ಲಿ ಕುಕ್ಕುವ ಲೈಟು, ವೇಗ ಎರಡೂ ಬೇರೆ ಬೇರೆಯಾಗಿರಲಿಲ್ಲ.

ಈಗ ನನ್ನ ಕಾರಿನಲ್ಲಿರುವುದು ಕಂಪನಿಯ 60/55 ಬಲ್ಬು, ರಿಲೇ, ದಪ್ಪ ವೈರು. ಹಳದಿಗಟ್ಟಿದ್ದ ಲೆನ್ಸನ್ನು ಪಾಲಿಶ್ ಮಾಡಿಸಿ, ಗೋಡೆಗೆ ಹಿಡಿದು ಬೀಮ್ ಎತ್ತರ ಸರಿ ಮಾಡಿಸಿದೆ. ನೋಡಲು ಬಡಕಲು. ರಾತ್ರಿ 80ರಲ್ಲಿ ಹೋಗುತ್ತೇನೆ, ಸಾಕಾಗುತ್ತದೆ.

ಬಿಡದಿಯಿಂದ ಬಂದ ಸಂಜೆ ಭಾವಮೈದುನನ ಫೋನು. ಮುಂದಿನ ಎರಡು ಟೈರು 2021ರವು, ಹಿಂದಿನವು 2018ರವು. ಸ್ಟೆಪ್ನಿಯನ್ನು ಡಿಕ್ಕಿಯಿಂದ ಮೊದಲ ಬಾರಿಗೆ ಹೊರತೆಗೆದನಂತೆ: 0816. ಕಾರ್ಖಾನೆಯಿಂದ ಬಂದ ಹಾಗೇ ಇದೆ, ಒಮ್ಮೆಯೂ ನೆಲ ಮುಟ್ಟಿಲ್ಲ, ಪಕ್ಕೆಯಲ್ಲಿ ಮಾತ್ರ ಕೂದಲೆಳೆಯಂಥ ಬಿರುಕು. "ಇದನ್ನೂ ಸೇರಿಸಿ ಮೂರು ಬದಲಾಯಿಸಿಬಿಡುತ್ತೇನೆ ಭಾವ" ಎಂದ. ನನಗೆ ಖುಷಿಯಾಯಿತು. ಫೋನು ಇಡುವ ಮುಂಚೆ ಸ್ವಲ್ಪ ತಡೆದು ಕೇಳಿದ:

"ಹಾಗಾದರೆ ಫಾಗ್ ಲ್ಯಾಂಪಿಗೆ ಹಳದಿ ಹಾಕಿಸಲಾ, ಬಿಳಿಯಾ?"