ಬೈಕ್ ಪಾರ್ಕಿಂಗ್ ಬಾರ್ ಹಿಂದುಗಡೆ

ನಮ್ಮ ಬೀದಿ ಕೊನೆಯ ಬಾರ್‌ನಲ್ಲಿ ಎರಡು ಬೋರ್ಡ್ ಇವೆ. ಒಂದರಲ್ಲಿ 'ಬೈಕ್ ಪಾರ್ಕಿಂಗ್ ಹಿಂದುಗಡೆ' ಅಂತಿದೆ. ಇನ್ನೊಂದರಲ್ಲಿ 'ಕುಡಿದು ವಾಹನ ಓಡಿಸಬೇಡಿ'. ಎರಡನ್ನೂ ಬರೆದ ಪೇಂಟರ್ ಒಬ್ಬನೇ ಇರಬೇಕು, ಅಕ್ಷರಗಳ ಬಾಲ ಒಂದೇ ಥರ ಇದೆ. ಹಾಗಾದರೆ ಆ ನಲವತ್ತು ಬೈಕುಗಳು ರಾತ್ರಿ ತಾವಾಗಿಯೇ ಮನೆಗೆ ಹೋಗುತ್ತವಾ?

ಹಾಗೆ ಹೋಗುತ್ತಿದ್ದ ಕಾಲವೂ ಇತ್ತು. ನಮ್ಮಜ್ಜನ ಊರಲ್ಲಿ ಸಂತೆ ಮುಗಿಸಿ ಹೆಂಡದಂಗಡಿ ಹೊಕ್ಕವರು ಆಮೇಲೆ ಗಾಡಿಯಲ್ಲೇ ಮಲಗಿಬಿಡುತ್ತಿದ್ದರಂತೆ. ಎತ್ತುಗಳಿಗೆ ದಾರಿ ಗೊತ್ತಿತ್ತು. ಮನೆ ಮುಂದೆ ನಿಂತು ಕೊರಳ ಗಂಟೆ ಅಲ್ಲಾಡಿಸುತ್ತಿದ್ದವು. ಅಲ್ಲಿಂದ ಮುಂದಿನ ಮಂಗಳಾರತಿ ಹೆಂಡತಿಯದು. ಈಗಿನವನೂ ಕಿಕ್ಕರ್ ಹುಡುಕುತ್ತಾ ಅದನ್ನೇ ಹೇಳುತ್ತಾನೆ: 'ನನ್ ಗಾಡಿಗೆ ದಾರಿ ಗೊತ್ತು ಮಗಾ.' ಎತ್ತುಗಳು ಕುಡಿದಿರಲಿಲ್ಲ ಅನ್ನೋದು ಮರೆತುಹೋಗಿದೆ, ಪಾಪ.

ಸರ್ಕಾರದ ಜಾಣತನಕ್ಕಂತೂ ಕೈಮುಗಿಯಬೇಕು. 2025-26ರಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಬಜೆಟ್‌ನಲ್ಲೇ ಗುರಿ ಇಟ್ಟುಕೊಂಡರು. ಬಾರ್‌ನಲ್ಲಿ ಗುರಿ ಮುಟ್ಟಿಸಲು ಹೆಗಲು ಕೊಟ್ಟವನನ್ನೇ ಮುಂದಿನ ಸರ್ಕಲ್‌ನಲ್ಲಿ 'ಊದು' ಅನ್ನುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ. ಖಜಾನೆಗೆ ಒಂದೇ ರಾತ್ರಿ ಎರಡು ಸಲ ಸೇವೆ.

2017ರದು ನೆನಪಿದೆ ಅಲ್ವಾ? ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬೇಡಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಕೇರಳದ ಪರವೂರಿನ ಬಾರ್ ಒಂದು ಜಾಗ ಬಿಟ್ಟು ಕದಲಲಿಲ್ಲ. ಬಾಗಿಲಿಗೆ ಹೋಗೋ ದಾರಿಯನ್ನೇ ಹಾವಿನ ಹಾಗೆ ಸುತ್ತಿಸಿ ಉದ್ದ ಮಾಡಿತು. ಕೆಲವು ರಾಜ್ಯಗಳಿಗೆ ಅಷ್ಟು ಇಟ್ಟಿಗೆ ಜೋಡಿಸೋ ತಾಳ್ಮೆಯೂ ಇರಲಿಲ್ಲ. ಊರೊಳಗಿನ ರಸ್ತೆಗೆ ಹೆದ್ದಾರಿ ಅನ್ನೋ ಹೆಸರನ್ನೇ ತೆಗೆದುಹಾಕಿದವು. ರಸ್ತೆ ಅದೇ, ಬಾರ್ ಅದೇ, ಕಂಬಕ್ಕೆ ಗುದ್ದುವವನೂ ಅವನೇ.

ಅವನು ಕಂಬಕ್ಕೇ ಗುದ್ದಿಕೊಂಡಿದ್ದರೆ ನಾನೂ ಸುಮ್ನೆ ನಗುತ್ತಿದ್ದೆ. ಹೋದ ತಿಂಗಳು ನಸುಕಿನಲ್ಲಿ ಒಬ್ಬ ರಾತ್ರಿಯಿಡೀ ಕುಡಿದು ಬಂದು ನಮ್ಮ ಪೇಪರ್ ಹಾಕೋ ಹುಡುಗನ ಸೈಕಲ್‌ಗೆ ಗುದ್ದಿದ. ಹುಡುಗನ ತೊಡೆಮೂಳೆ ಮುರಿದಿದೆ. ಅವನು ಟೀ ಬಿಟ್ಟು ಬೇರೇನೂ ಕುಡಿಯುವವನಲ್ಲ. ಗುದ್ದಿದವನ ಹೆಲ್ಮೆಟ್ ಮೊಣಕೈಯಲ್ಲಿ ನೇತಾಡುತ್ತಿತ್ತು. 'ಸ್ವಲ್ಪಾನೇ ಕುಡಿದಿದ್ದೆ ಸಾರ್' ಅಂದ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಿನ್ನ ಸ್ವಲ್ಪ ನಿನ್ನ ಮನೆಯಲ್ಲೇ ಇಟ್ಟುಕೋ ಮಾರಾಯ.

ಬಾರ್‌ನವರು ಮಾತ್ರ ಪಾರ್ಕಿಂಗ್‌ಗೆ ಈಗ ದೊಡ್ಡ ಲೈಟ್ ಹಾಕಿಸಿದ್ದಾರೆ. ಕತ್ತಲಲ್ಲಿ ಕೀ ಹಾಕೋ ತೂತು ಸಿಗುತ್ತಿಲ್ಲ ಅಂತ ಗಿರಾಕಿಗಳು ದೂರಿದ್ದರಂತೆ.